ಗುರುತತ್ತ್ವ ಮತ್ತು ಮುಕ್ತಾಯಕ್ಕನ ಪ್ರಶ್ನೆ

ಭಾರತೀಯ ಅಧ್ಯಾತ್ಮಪರಂಪರೆಗಳಲ್ಲಿ ಗುರುವನ್ನು ಕೊಂಡಾಡದ ಮತವು ವಿರಳ. ದೇವರ ಸ್ವರೂಪ, ಜಗತ್ತಿನ ಸತ್ಯತ್ವ, ಮುಕ್ತಿಯ ಲಕ್ಷಣ ಮುಂತಾದವುಗಳ ವಿಷಯದಲ್ಲಿ ಪರಸ್ಪರ ಖಂಡನೆ ಮಾಡಿಕೊಳ್ಳುವ ದರ್ಶನಗಳು ಕೂಡ, ಗುರುವಿಲ್ಲದೆ ಸಾಧನೆ ಕೈಗೂಡದೆಂಬ ವಿಷಯದಲ್ಲಿ ಬಹುಮಟ್ಟಿಗೆ ಏಕಾಭಿಪ್ರಾಯವನ್ನು ಹೊಂದಿವೆ. ದೇವಸ್ತುತಿಯೊಡನೆ ಗುರುಸ್ತುತಿಯನ್ನೂ ಸೇರಿಸಿ ಗ್ರಂಥವನ್ನು ಆರಂಭಿಸುವುದು ಪಂಡಿತರ ಪದ್ಧತಿ. ಗುರುವಿನ ಪದದಿಂದ ಭಜನೆಯನ್ನು ತೊಡಗುವುದು ಹಳ್ಳಿಯ ಭಜನಾಮೇಳಗಳ ಪದ್ಧತಿ. ಎರಡರ ಹಿಂದಿರುವ ಭಾವನೆ ಒಂದೇ.

ದ್ವೈತದರ್ಶನದಲ್ಲಿ ಈ ಗುರುಭಕ್ತಿಗೆ ತಾತ್ತ್ವಿಕವಾದ ತೊಡಕೇನೂ ಇಲ್ಲ. ಜೀವನು ಬೇರೆ, ದೇವನು ಬೇರೆ, ಇವರಿಬ್ಬರ ನಡುವೆ ದಾರಿ ತೋರುವ ಗುರುವೂ ಬೇರೆ. ಈ ತಾರತಮ್ಯವು ಮುಕ್ತಿಯಲ್ಲಿಯೂ ಅಳಿಯತಕ್ಕದ್ದಲ್ಲ. ಆದರೆ ಅದ್ವೈತವನ್ನು ಪರಮಸಿದ್ಧಾಂತವೆಂದು ಒಪ್ಪಿದವರ ಸಂಗತಿ ಹಾಗಿಲ್ಲ. ಇರುವ ವಸ್ತು ಒಂದೇ ಆದಲ್ಲಿ ಬೋಧಿಸುವವನಾರು, ಬೋಧೆಗೊಳ್ಳುವವನಾರು? ಗುರುವೆಂದೂ ಶಿಷ್ಯನೆಂದೂ ಇಬ್ಬರಿರುವವರೆಗೆ ಅದ್ವೈತವು ಸಿದ್ಧಿಸಲಿಲ್ಲ. ಅದ್ವೈತವು ಸಿದ್ಧಿಸಿದ ಬಳಿಕ ಗುರುವೆಂಬ ಮಾತಿಗೆ ಎಡೆಯಿಲ್ಲ. ಹೀಗಿರುವಾಗ ಅದ್ವೈತಿಗಳೇ ಗುರುವನ್ನು ಎಲ್ಲರಿಗಿಂತ ಹೆಚ್ಚಾಗಿ ಹೊಗಳಿರುವುದು ಹೇಗೆ ಹೊಂದಿಕೊಳ್ಳುತ್ತದೆ?

ಇದು ತರ್ಕಶಾಸ್ತ್ರದವರ ವಿನೋದಕ್ಕಾಗಿ ಹುಟ್ಟಿದ ಪ್ರಶ್ನೆಯಲ್ಲ. ನೆಚ್ಚಿದ ಗುರುವನ್ನು ಕಳೆದುಕೊಂಡ ಪ್ರತಿಯೊಬ್ಬ ಶಿಷ್ಯನ ಎದುರಿಗೂ ಇದು ಬಂದು ನಿಲ್ಲುತ್ತದೆ. ದಾರಿ ತೋರಿದವನು ಹೋದಮೇಲೆ ದಾರಿಯೂ ಹೋಯಿತೇ? ಹನ್ನೆರಡನೆಯ ಶತಮಾನದಲ್ಲಿ ಇದನ್ನು ತನ್ನ ದುಃಖದ ನಡುವೆಯೇ ಎತ್ತಿ, ಅಲ್ಲಮಪ್ರಭುದೇವರಂಥವರನ್ನೇ ಎದುರಿಸಿ ಕೇಳಿದವಳು ಮುಕ್ತಾಯಕ್ಕ. ಅವಳ ಪ್ರಶ್ನೆಯನ್ನೂ ಅದಕ್ಕೆ ದೊರೆತ ಪರಿಹಾರವನ್ನೂ ಅರಿಯಬೇಕಾದರೆ ಗುರುವಿನ ವಿಷಯದಲ್ಲಿ ಶಾಸ್ತ್ರಗಳ ನಿಲುವನ್ನು ಮೊದಲು ಸಂಕ್ಷೇಪವಾಗಿ ನೋಡುವುದು ಒಳ್ಳೆಯದು.

ಉಪನಿಷತ್ತುಗಳ ನಿಲುವು

ಛಾಂದೋಗ್ಯೋಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಉದ್ದಾಲಕನು ತನ್ನ ಮಗನಾದ ಶ್ವೇತಕೇತುವಿಗೆ ಆತ್ಮತತ್ತ್ವವನ್ನು ಬೋಧಿಸುವಾಗ ಒಂದು ದೃಷ್ಟಾಂತವನ್ನು ಕೊಡುತ್ತಾನೆ. ಗಾಂಧಾರದೇಶದ ಒಬ್ಬನನ್ನು ಕಣ್ಣು ಕಟ್ಟಿ ತಂದು ನಿರ್ಜನವಾದ ಎಡೆಯಲ್ಲಿ ಬಿಟ್ಟಿದ್ದಾರೆ. ಅವನು ದಿಕ್ಕು ತಿಳಿಯದೆ ಕೂಗಿಕೊಳ್ಳುತ್ತಾನೆ. ದಯಾವಂತನೊಬ್ಬನು ಅವನ ಕಣ್ಣಿನ ಕಟ್ಟನ್ನು ಬಿಚ್ಚಿ, ಗಾಂಧಾರವು ಇಂಥ ದಿಕ್ಕಿನಲ್ಲಿದೆಯೆಂದು ತಿಳಿಸುತ್ತಾನೆ. ಅನಂತರ ಆ ಮನುಷ್ಯನು ಊರಿಂದೂರಿಗೆ ಕೇಳಿಕೊಳ್ಳುತ್ತ ತನ್ನ ನಾಡನ್ನು ತಾನೇ ಸೇರುತ್ತಾನೆ. ಆಚಾರ್ಯನುಳ್ಳವನು ಹೀಗೆ ಅರಿಯುತ್ತಾನೆಂಬುದು ಉದ್ದಾಲಕನ ತಾತ್ಪರ್ಯ.

ಇಲ್ಲಿ ಗಮನಿಸತಕ್ಕ ಸಂಗತಿಗಳು ಎರಡು. ಕಟ್ಟನ್ನು ಬಿಚ್ಚಿದವನು ಹೊಸ ಕಣ್ಣನ್ನು ಕೊಡಲಿಲ್ಲ. ಕಣ್ಣು ಅವನಲ್ಲಿಯೇ ಇದ್ದಿತು. ಮತ್ತು ಆ ದಯಾವಂತನು ಗಾಂಧಾರದವರೆಗೆ ಕೈಹಿಡಿದು ನಡೆಸಿಕೊಂಡು ಹೋಗಲಿಲ್ಲ. ನಡೆಯುವ ಕೆಲಸವು ಪಯಣಿಗನ ಪಾಲಿಗೇ ಉಳಿಯಿತು. ಗುರುವಿನ ಕಾರ್ಯವು ಅನಿವಾರ್ಯವಾದದ್ದೂ ಹೌದು, ಒಂದು ಮಿತಿಯೊಳಗಿನದೂ ಹೌದು ಎಂಬ ಈ ಎರಡು ಅಂಶಗಳನ್ನು ಒಟ್ಟಿಗೆ ಹೇಳಿರುವುದರಲ್ಲಿಯೇ ಈ ದೃಷ್ಟಾಂತದ ಸ್ವಾರಸ್ಯವಿದೆ.

ಮುಂಡಕೋಪನಿಷತ್ತು ಗುರುವಿನ ಲಕ್ಷಣವನ್ನು ಎರಡು ಮಾತುಗಳಲ್ಲಿ ಸೂಚಿಸಿದೆ: ಅವನು ಶ್ರೋತ್ರಿಯನಾಗಿರಬೇಕು, ಬ್ರಹ್ಮನಿಷ್ಠನಾಗಿರಬೇಕು. ಎಂದರೆ ಶಾಸ್ತ್ರವನ್ನು ಬಲ್ಲವನೂ, ಬಲ್ಲುದರಲ್ಲಿ ನೆಲೆನಿಂತವನೂ ಆಗಿರಬೇಕು. ಶ್ವೇತಾಶ್ವತರೋಪನಿಷತ್ತು ತನ್ನ ಕೊನೆಯಲ್ಲಿ, ದೇವರಲ್ಲಿರುವಷ್ಟೇ ಭಕ್ತಿಯು ಗುರುವಿನಲ್ಲಿಯೂ ಇರುವವನಿಗೆ ಮಾತ್ರ ಈ ಅರ್ಥಗಳು ಹೊಳೆಯುವುವೆಂದು ಸಾರುತ್ತದೆ. ಮುಂದಿನ ಗುರುಸ್ತೋತ್ರಗಳಿಗೆಲ್ಲ ಇದೇ ತಳಹದಿ.

ಶಂಕರಾದ್ವೈತಿಗಳು ಮೇಲಿನ ತೊಡಕನ್ನು ಬಿಡಿಸುವ ರೀತಿಯು ಪ್ರಸಿದ್ಧವಾದುದು. ಗುರುವೂ ಶಾಸ್ತ್ರವೂ ವ್ಯವಹಾರದಶೆಗೆ ಸೇರಿದವುಗಳು. ಆದರೂ ಅವು ಪರಮಾರ್ಥವನ್ನು ತೋರಿಸಬಲ್ಲವು. ಕನಸಿನಲ್ಲಿ ಸಿಂಹವನ್ನು ಕಂಡು ಬೆದರಿದವನು ಎಚ್ಚರಗೊಳ್ಳುತ್ತಾನೆ. ಸಿಂಹವು ಕನಸಿನದು, ಎಚ್ಚರವು ನಿಜವಾದುದು. ಹಾಗೆಯೇ ಗುರೂಪದೇಶವು ಭೇದಪ್ರಪಂಚದೊಳಗೆ ನಡೆದರೂ ಅದರಿಂದುಂಟಾದ ಜ್ಞಾನವು ಭೇದವನ್ನು ದಾಟಿದ್ದು. ದಕ್ಷಿಣಾಮೂರ್ತಿಯ ಕಲ್ಪನೆಯಂತೂ ಇನ್ನೂ ಸೂಕ್ಷ್ಮವಾದುದು. ಆಲದ ಮರದ ಕೆಳಗೆ ಕುಳಿತ ಗುರು ತರುಣ, ಸುತ್ತಲಿನ ಶಿಷ್ಯರು ವೃದ್ಧರು. ಗುರುವಿನ ವ್ಯಾಖ್ಯಾನವು ಮೌನ, ಶಿಷ್ಯರ ಸಂದೇಹಗಳು ಪರಿಹಾರವಾಗಿವೆ. ಮಾತಿನಿಂದ ಎರಡಾಗುವುದನ್ನು ಮೌನದಿಂದ ಒಂದಾಗಿಯೇ ಉಳಿಸಿಕೊಳ್ಳುವ ಪ್ರಯತ್ನ ಇದು.

ವೀರಶೈವದಲ್ಲಿ ಗುರುಕಾರುಣ್ಯ

ವೀರಶೈವದ ಅಷ್ಟಾವರಣಗಳಲ್ಲಿ ಮೊದಲನೆಯದು ಗುರು. ಲಿಂಗ, ಜಂಗಮ, ಪಾದೋದಕ, ಪ್ರಸಾದ, ವಿಭೂತಿ, ರುದ್ರಾಕ್ಷಿ, ಮಂತ್ರ ಎಂಬ ಉಳಿದ ಏಳೂ ಗುರುವಿನ ಮೂಲಕವೇ ಭಕ್ತನಿಗೆ ದೊರೆಯತಕ್ಕವು. ಈ ದರ್ಶನದ ಅದ್ವೈತವು ಶಂಕರರ ಅದ್ವೈತಕ್ಕಿಂತ ಭಿನ್ನವಾದುದೆಂಬುದನ್ನು ಇಲ್ಲಿ ನೆನಪಿನಲ್ಲಿಡಬೇಕು. ಜಗತ್ತನ್ನು ಮಿಥ್ಯೆಯೆಂದು ತಳ್ಳಿಹಾಕದೆ ಅದನ್ನು ಶಿವನ ಶಕ್ತಿಯ ವಿಲಾಸವೆಂದು ಭಾವಿಸುವ ಶಕ್ತಿವಿಶಿಷ್ಟಾದ್ವೈತವು, ಅಂಗ ಲಿಂಗಗಳ ಸಾಮರಸ್ಯವನ್ನೇ ಮುಕ್ತಿಯೆಂದು ಕರೆಯುತ್ತದೆ. ಆದುದರಿಂದ ಇಲ್ಲಿ ಗುರುವು ಕನಸಿನ ಸಿಂಹದಂತೆ ಎಚ್ಚರಗೊಳಿಸಿ ಸುಳ್ಳಾಗುವವನಲ್ಲ. ಶಿವನ ಕೃಪೆಯೇ ಮನುಷ್ಯರೂಪದಿಂದ ಬಂದುದೆಂದು ಅವನನ್ನು ಭಾವಿಸಲಾಗಿದೆ.

ರೇಣುಕರು ಅಗಸ್ತ್ಯರಿಗೆ ಉಪದೇಶಿಸಿದ ರೂಪದಲ್ಲಿರುವ ಶಿವಯೋಗಿ ಶಿವಾಚಾರ್ಯರ ಸಿದ್ಧಾಂತಶಿಖಾಮಣಿಯಲ್ಲಿ 101 ಸ್ಥಲಗಳ ನಿರೂಪಣೆಯಿದೆ. ಅವುಗಳಲ್ಲಿ ಗುರುಕಾರುಣ್ಯಸ್ಥಲವು ಬರುವ ಸ್ಥಾನವು ವಿಚಾರಾರ್ಹವಾದುದು. ಪಿಂಡ, ಪಿಂಡಜ್ಞಾನ, ಸಂಸಾರಹೇಯ ಎಂಬ ಮೂರು ಸ್ಥಲಗಳಾದ ಮೇಲೆ ನಾಲ್ಕನೆಯದಾಗಿ ಅದು ಬಂದಿದೆ. ಎಂದರೆ, ತಾನು ದೇಹಮಾತ್ರನಲ್ಲವೆಂಬ ವಿವೇಕವೂ ಸಂಸಾರದಲ್ಲಿ ಬೇಸರವೂ ಹುಟ್ಟಿದವನಿಗೆ ಗುರುವು ಲಭಿಸುತ್ತಾನೆ. ಹಸಿವಿಲ್ಲದವನಿಗೆ ಅನ್ನದ ರುಚಿ ತಿಳಿಯದಂತೆ, ಈ ಸಿದ್ಧತೆಯಿಲ್ಲದವನಿಗೆ ಗುರುವು ಎದುರಿಗೆ ಬಂದರೂ ಗುರುವೆಂದು ತೋರುವುದಿಲ್ಲ. ಅದೇ ಗ್ರಂಥವು ಮುಂದೆ ದೀಕ್ಷಾಗುರು, ಶಿಕ್ಷಾಗುರು, ಜ್ಞಾನಗುರು ಎಂದು ಗುರುವಿನ ಮೂರು ಭೇದಗಳನ್ನು ವಿವರಿಸುತ್ತದೆ. ದೀಕ್ಷೆಯನ್ನು ಕೊಟ್ಟವನೇ ಶಿಕ್ಷಣದಿಂದ ಸಂಶಯಗಳನ್ನು ಕಳೆದು, ಕೊನೆಗೆ ಜ್ಞಾನವನ್ನು ಉಂಟುಮಾಡುವಾಗ ಈ ಮೂರು ಹೆಸರುಗಳಿಗೂ ಪಾತ್ರನಾಗುತ್ತಾನೆ.

ದೀಕ್ಷೆಯು ವೇಧಾ, ಮಂತ್ರ, ಕ್ರಿಯಾ ಎಂದು ಮೂರು ಬಗೆ. ವೇಧಾದೀಕ್ಷೆಯಿಂದ ಕಾರಣಶರೀರದ ಆಣವಮಲವೂ, ಮಂತ್ರದೀಕ್ಷೆಯಿಂದ ಸೂಕ್ಷ್ಮಶರೀರದ ಮಾಯಾಮಲವೂ, ಕ್ರಿಯಾದೀಕ್ಷೆಯಿಂದ ಸ್ಥೂಲಶರೀರದ ಕಾರ್ಮಿಕಮಲವೂ ನಿವಾರಣೆಯಾಗಿ ಕ್ರಮವಾಗಿ ಭಾವಲಿಂಗ, ಪ್ರಾಣಲಿಂಗ, ಇಷ್ಟಲಿಂಗಗಳ ಸಂಬಂಧವುಂಟಾಗುತ್ತದೆ. ಇಲ್ಲಿ ಕ್ರಿಯೆಯ ವಿವರಗಳಿಗಿಂತ ಅದರ ಹಿಂದಿನ ಭಾವನೆಯು ಮುಖ್ಯ. ಶಿಷ್ಯನ ಮಸ್ತಕದಲ್ಲಿ ಅಡಗಿರುವ ಚಿತ್ಕಳೆಯನ್ನೇ ಗುರುವು ತನ್ನ ಹಸ್ತದಿಂದ ಹೊರತೆಗೆದು, ಲಿಂಗವನ್ನಾಗಿ ಮಾಡಿ, ಅವನ ಕರಸ್ಥಲದಲ್ಲಿ ಇರಿಸುತ್ತಾನೆಂದು ಶರಣರು ಹೇಳುತ್ತಾರೆ. ಗುರುವು ಕೊಟ್ಟದ್ದು ಗುರುವಿನ ಸ್ವತ್ತಲ್ಲ, ಶಿಷ್ಯನ ಸ್ವಂತ ಚೈತನ್ಯವೇ. ಕಣ್ಣಿನ ಕಟ್ಟನ್ನು ಬಿಚ್ಚಿದವನ ದೃಷ್ಟಾಂತದೊಡನೆ ಇದನ್ನು ಹೋಲಿಸಿ ನೋಡಿದರೆ, ಬೇರೆ ಬೇರೆ ಮಾರ್ಗಗಳಿಂದ ಬಂದ ಎರಡು ಪರಂಪರೆಗಳು ಇಲ್ಲಿ ಒಂದೆಡೆಯಲ್ಲಿ ಕೂಡಿರುವುದು ಕಂಡುಬರುತ್ತದೆ.

ಷಟ್‌ಸ್ಥಲದ ವ್ಯವಸ್ಥೆಯೂ ಇದನ್ನೇ ಸೂಚಿಸುತ್ತದೆ. ಭಕ್ತನಿಗೆ ಆಚಾರಲಿಂಗ, ಮಹೇಶನಿಗೆ ಗುರುಲಿಂಗ, ಪ್ರಸಾದಿಗೆ ಶಿವಲಿಂಗ, ಪ್ರಾಣಲಿಂಗಿಗೆ ಜಂಗಮಲಿಂಗ, ಶರಣನಿಗೆ ಪ್ರಸಾದಲಿಂಗ, ಐಕ್ಯನಿಗೆ ಮಹಾಲಿಂಗ. ಗುರುಲಿಂಗವು ಎರಡನೆಯ ಮೆಟ್ಟಿಲು. ಅದನ್ನು ಬಿಟ್ಟು ಮೇಲಕ್ಕೆ ಏರಲಾಗದು, ಅದರ ಮೇಲೆಯೇ ನಿಂತುಬಿಟ್ಟರೂ ಏರಿದಂತಾಗದು. ಕೆಳಗಿನ ಸ್ಥಲವು ಮೇಲಿನ ಸ್ಥಲದಲ್ಲಿ ಅಳಿಯದೆ ಅಂತರ್ಗತವಾಗುವಂತೆ, ಗುರುವೂ ಶಿಷ್ಯನ ಅರಿವಿನಲ್ಲಿ ಅಂತರ್ಗತನಾಗಬೇಕು. ಅರಿವನ್ನೇ ಗುರುವೆಂದು ಶರಣರು ಕರೆದಿರುವುದರ ಮರ್ಮ ಇದು. ಗುರುವೇ ಬೇಡವೆಂದು ಅದರ ಅರ್ಥವಲ್ಲ. ಹೊರಗಿನ ಗುರುವಿನ ಕೆಲಸವು ಒಳಗಿನ ಗುರುವಿನಲ್ಲಿ ಕೊನೆಗಾಣಬೇಕೆಂದು ಅರ್ಥ.

ಮಾತಾಡದ ಗುರು

ಮುಕ್ತಾಯಕ್ಕನಿಗೆ ಉತ್ತರ ಹೇಳಿದ ಪ್ರಭುದೇವರಿಗೆ ಗುರುವು ದೊರೆತ ಬಗೆಯೂ ಈ ಸಂದರ್ಭದಲ್ಲಿ ಸ್ಮರಣೀಯವಾದುದು. ಹಂಪೆಯ ಹರಿಹರಕವಿಯ ಪ್ರಭುದೇವರ ರಗಳೆಯಲ್ಲಿ ಬರುವಂತೆ, ಕಾಮಲತೆಯನ್ನು ಕಳೆದುಕೊಂಡ ಅಲ್ಲಮನು ಶೋಕದಿಂದ ಮೈಮರೆತು ಒಂದು ತೋಟದಲ್ಲಿ ಕುಳಿತು ಕಾಲುಗುರಿನಿಂದ ನೆಲವನ್ನು ಕೆದಕುತ್ತಿರುವಾಗ ಚಿನ್ನದ ಕಳಸವೊಂದು ಕಾಣಿಸುತ್ತದೆ. ನೆಲವನ್ನು ಅಗೆಯಿಸಿದಾಗ ಗುಡಿಯೊಂದು ಹೊರಬೀಳುತ್ತದೆ. ಒಳಹೊಕ್ಕ ಅಲ್ಲಮನು ಎವೆಯಿಕ್ಕದೆ ಲಿಂಗದಲ್ಲಿ ದೃಷ್ಟಿಯನ್ನು ನೆಟ್ಟಿರುವ ಅನಿಮಿಷಯ್ಯನನ್ನು ಕಾಣುತ್ತಾನೆ. ಆ ಯೋಗಿಯ ಕೈಯ ಲಿಂಗವು ಅಲ್ಲಮನ ಕೈಗೆ ಬರುತ್ತದೆ. ಅದರೊಡನೆಯೇ ಯೋಗಿಯ ಪ್ರಾಣವೂ ಅಳಿಯುತ್ತದೆ.

ಗುರುವು ದೊರೆತ ಕ್ಷಣವೂ ಗುರುವು ಇಲ್ಲವಾದ ಕ್ಷಣವೂ ಇಲ್ಲಿ ಒಂದೇ ಆಗಿದೆ. ಅಲ್ಲಮನು ಅನಿಮಿಷಯ್ಯನ ಬಳಿಯಲ್ಲಿ ವರ್ಷಗಟ್ಟಲೆ ಶುಶ್ರೂಷೆ ಮಾಡಲಿಲ್ಲ, ಪ್ರಶ್ನೆಗಳನ್ನು ಕೇಳಲಿಲ್ಲ, ಗ್ರಂಥಗಳನ್ನು ಓದಲಿಲ್ಲ. ಪ್ರಿಯಳ ಸಾವಿನಿಂದ ಶೂನ್ಯವಾಗಿದ್ದ ಅವನ ಕಣ್ಣಿಗೆ ಇನ್ನೊಂದು ಸಾವು ಬೇರೊಂದು ಅರ್ಥವನ್ನು ತೋರಿಸಿಕೊಟ್ಟಿತು. ದಕ್ಷಿಣಾಮೂರ್ತಿಯ ಮೌನವು ಶಾಸ್ತ್ರದಲ್ಲಿ ಚಿತ್ರವಾಗಿ ನಿಂತಿದ್ದರೆ, ಅನಿಮಿಷಯ್ಯನ ಮೌನವು ಕನ್ನಡ ಕಾವ್ಯದಲ್ಲಿ ಘಟನೆಯಾಗಿ ನಡೆದಿದೆ. ಗುರುವಿಯೋಗದ ದುಃಖದಲ್ಲಿದ್ದ ಮುಕ್ತಾಯಕ್ಕನ ಬಳಿಗೆ ಇಂಥ ಅನುಭವವುಳ್ಳವರೇ ಬಂದುದು ಉಚಿತವಾಗಿದೆ.

ಮುಕ್ತಾಯಕ್ಕನ ಪ್ರಶ್ನೆ

ಅಜಗಣ್ಣನು ಮುಕ್ತಾಯಕ್ಕನ ಅಣ್ಣ. ಪರಂಪರೆಯು ಇವರನ್ನು ಲಕ್ಕುಂಡಿಯವರೆಂದು ಹೇಳುತ್ತದೆ. ಅಜಗಣ್ಣನದು ಗುಪ್ತಭಕ್ತಿ. ತನ್ನ ಲಿಂಗನಿಷ್ಠೆಯನ್ನು ಲೋಕದ ಕಣ್ಣಿಗೆ ಬೀಳದಂತೆ ಮರೆಮಾಡಿಕೊಂಡು ಬಾಳಿದವನು ಅವನು. ಒಡಹುಟ್ಟಿದ ತಂಗಿಗೆ ಅವನೇ ಗುರು. ಅವನು ಲಿಂಗೈಕ್ಯನಾದಾಗ ಮುಕ್ತಾಯಕ್ಕನಿಗೆ ಅಣ್ಣನ ಅಗಲಿಕೆಯೂ ಗುರುವಿನ ಅಗಲಿಕೆಯೂ ಒಂದೇ ಹೊತ್ತಿನಲ್ಲಿ ಬಂದೊದಗಿದವು. ಈ ಪ್ರಸಂಗವನ್ನು ಚಾಮರಸನ ಪ್ರಭುಲಿಂಗಲೀಲೆಯಲ್ಲಿಯೂ ಶೂನ್ಯಸಂಪಾದನೆಗಳಲ್ಲಿಯೂ ಕಾಣಬಹುದು. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನಿಂದ ಮೊದಲುಗೊಂಡ ಶೂನ್ಯಸಂಪಾದನೆಯ ಸಂಕಲನಕಾರ್ಯವು ಹಲಗೆಯದೇವ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯರ ಕೈಗಳಲ್ಲಿ ಬೆಳೆದುದು ಸಾಹಿತ್ಯಾಭ್ಯಾಸಿಗಳಿಗೆ ತಿಳಿದ ವಿಷಯ. ಬಿಡಿಬಿಡಿಯಾದ ವಚನಗಳನ್ನು ಸಂವಾದದ ಸೂತ್ರದಲ್ಲಿ ಪೋಣಿಸಿದ ಈ ಕೃತಿಯಲ್ಲಿ ಮುಕ್ತಾಯಕ್ಕನ ಸಂವಾದವು ಆರಂಭದ ಭಾಗದಲ್ಲಿಯೇ ಬರುತ್ತದೆ. ಬಸವಣ್ಣನವರನ್ನು ಕಾಣುವುದಕ್ಕೆ ಮುನ್ನವೇ ಪ್ರಭುದೇವರು ಎದುರಿಸಬೇಕಾದ ಪರೀಕ್ಷೆ ಅದು.

ಶೋಕಿಸುತ್ತಿರುವ ಮುಕ್ತಾಯಕ್ಕನನ್ನು ಕಂಡು ಪ್ರಭುದೇವರು ಅವಳಾರು, ದುಃಖವೇಕೆ ಎಂದು ವಿಚಾರಿಸುತ್ತಾರೆ. ಅವಳು ತನ್ನ ಗುರುವಿನ ನಿಲವನ್ನು ಬಣ್ಣಿಸುತ್ತಾಳೆ. ಲಿಂಗದಲ್ಲಿ ಬೆರೆತವನಿಗೆ ಸಾವಿಲ್ಲ, ಸಾವಿಲ್ಲದವನಿಗಾಗಿ ಅಳುವುದು ಸಲ್ಲದೆಂಬುದು ಪ್ರಭುದೇವರ ಮಾತಿನ ತಾತ್ಪರ್ಯ. ಬೇರೆಯವರಾಗಿದ್ದರೆ ಇಂಥ ಸಮಾಧಾನವನ್ನು ಕೇಳಿ ತಲೆಬಾಗಿ ಸುಮ್ಮನಾಗುತ್ತಿದ್ದರು. ಮುಕ್ತಾಯಕ್ಕ ಸುಮ್ಮನಾಗುವುದಿಲ್ಲ. ಎರಡೆಂಬುದು ಅಳಿದು ಒಂದೇ ಆದವನಿಗೆ ಮಾತೆಲ್ಲಿಯದು? ನೀನು ಮಾತಾಡುತ್ತಿರುವುದರಿಂದಲೇ ನಿನ್ನಲ್ಲಿ ಇನ್ನೂ ಎರಡುಂಟೆಂದಾಗಲಿಲ್ಲವೇ? ನಿಜವಾಗಿ ಅರಿತವನು ಅರಿತೆನೆಂದು ಇನ್ನೊಬ್ಬರಿಗೆ ಹೇಳಬಂದಾನೇ? ನನ್ನ ಅಜಗಣ್ಣನು ಅರಿವನ್ನು ಬಚ್ಚಿಟ್ಟುಕೊಂಡು ಬಾಳಿದ. ನೀನು ಅದನ್ನು ನಾಲಗೆಯ ಮೇಲೆ ತಂದಿರುವೆ. ಅವಳ ಆಕ್ಷೇಪಣೆಯ ಸಾರ ಹೀಗಿದೆ.

ಈ ಆಕ್ಷೇಪಣೆಯ ಬಲವನ್ನು ಓದುಗರು ಅಲ್ಲಗಳೆಯಬಾರದು. ಉಪದೇಶಮಾಡುವ ಅದ್ವೈತಿಯ ಬುಡಕ್ಕೇ ಇದು ಕೊಡಲಿಯನ್ನು ಹಾಕುತ್ತದೆ. ಇದನ್ನು ಒಪ್ಪಿಬಿಟ್ಟರೆ ಜ್ಞಾನಿಗಳೆಲ್ಲರೂ ಮೂಕರಾಗಿರಬೇಕು, ಅಜ್ಞಾನಿಗಳೆಲ್ಲರೂ ಇದ್ದಂತೆಯೇ ಇರಬೇಕು. ಗುರುಶಿಷ್ಯಪರಂಪರೆಯೆಂಬುದೇ ನಿಂತುಹೋಗಬೇಕು. ಪ್ರಭುದೇವರು ಇದಕ್ಕೆ ಕೋಪಗೊಳ್ಳುವುದಿಲ್ಲ, ಹೆಣ್ಣುಮಗಳ ಮಾತೆಂದು ಕಡೆಗಣಿಸುವುದೂ ಇಲ್ಲ. ಅರಿಯದವನ ಮಾತು ಅವನನ್ನು ಕಟ್ಟುತ್ತದೆ. ಅರಿತವನ ಮಾತು ಅವನನ್ನು ಸೋಂಕುವುದಿಲ್ಲ. ಮಾತಿನಿಂದಲ್ಲದೆ ಅರಿವಿನ ಕುರುಹು ಮತ್ತೊಬ್ಬರಿಗೆ ತಲಪುವ ಬಗೆಯಿಲ್ಲವಾದ ಕಾರಣ ಕರುಣೆಯಿಂದ ಆಡಿದ ಮಾತು ಮೌನಕ್ಕೆ ವಿರೋಧವಲ್ಲ. ಸಂವಾದವು ಹಲವು ವಚನಗಳಲ್ಲಿ ಬೆಳೆದು ಈ ತೀರ್ಮಾನದ ಕಡೆಗೆ ಸಾಗುತ್ತದೆ. ಕೊನೆಗೆ ಮುಕ್ತಾಯಕ್ಕ ಪ್ರಭುದೇವರ ನಿಲವನ್ನು ಒಪ್ಪಿ, ದುಃಖವನ್ನು ದಾಟುತ್ತಾಳೆ.

ಒಂದು ಸಾಮಾನ್ಯವಾದ ನಿದರ್ಶನದಿಂದ ಈ ಪರಿಹಾರವನ್ನು ವಿಶದಪಡಿಸಿಕೊಳ್ಳಬಹುದು. ಹಿಂದಿನ ಗಾವಟಿ ಶಾಲೆಗಳಲ್ಲಿ ಮಕ್ಕಳಿಗೆ ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಅಯ್ಯನವರು ಹುಡುಗನ ಬೆರಳನ್ನು ತಮ್ಮ ಕೈಯಲ್ಲಿ ಹಿಡಿದು ಮರಳಿನಲ್ಲಿ ಆಡಿಸುವರು. ಆಗ ಬರೆಯುತ್ತಿರುವ ಕೈ ಯಾರದು? ಬೆರಳು ಹುಡುಗನದು, ಅದನ್ನು ನಡೆಸುವ ಬಲ ಅಯ್ಯನವರದು. ಕೆಲವು ದಿನಗಳ ಮೇಲೆ ಅವರು ಕೈಯನ್ನು ಬಿಡುವರು. ಬಿಡದಿದ್ದರೆ ಹುಡುಗನಿಗೆ ಅಕ್ಷರ ಬಂದಂತಾಗಲಿಲ್ಲ. ಬಿಟ್ಟಮೇಲೆ ಅವರ ಕೈ ಎಲ್ಲಿಯೂ ಕಾಣದು. ಆದರೆ ಆ ಹುಡುಗನು ಬಾಳಿನುದ್ದಕ್ಕೂ ಬರೆಯುವ ಒಂದೊಂದು ಅಕ್ಷರದ ತಿರುವಿನಲ್ಲಿಯೂ ಅದು ಇದ್ದೇ ಇದೆ. ಅಯ್ಯನವರು ತೀರಿಹೋದ ಸುದ್ದಿ ಬಂದ ದಿನ ಅವನಿಗೆ ದುಃಖವಾಗುವುದು ಸಹಜವೇ. ಅಕ್ಷರವೂ ಹೋಯಿತೆಂದು ಅವನು ಭಾವಿಸಿದರೆ ಅದು ಮಾತ್ರ ಅವಿಚಾರ. ಮುಕ್ತಾಯಕ್ಕನ ಕಣ್ಣೀರನ್ನು ಪ್ರಭುದೇವರು ತಪ್ಪೆನ್ನಲಿಲ್ಲ. ಅಜಗಣ್ಣನು ಇಲ್ಲವಾದನೆಂಬ ಅವಳ ನಂಬಿಕೆಯನ್ನು ತಿದ್ದಿದರು.

ಅಂಕಿತದಲ್ಲಿ ಗುರು

ಮುಕ್ತಾಯಕ್ಕ ಈ ತತ್ತ್ವವನ್ನು ಅರಗಿಸಿಕೊಂಡ ಬಗೆಗೆ ಅವಳ ಅಂಕಿತವೇ ಸಾಕ್ಷಿ. ವಚನಕಾರರ ಅಂಕಿತಗಳು ಸಾಮಾನ್ಯವಾಗಿ ಇಷ್ಟದೈವದ ಹೆಸರುಗಳು. ಬಸವಣ್ಣನವರಿಗೆ ಕೂಡಲಸಂಗಮದೇವ, ಅಕ್ಕಮಹಾದೇವಿಗೆ ಚೆನ್ನಮಲ್ಲಿಕಾರ್ಜುನ, ಪ್ರಭುದೇವರಿಗೆ ಗುಹೇಶ್ವರ, ಅಜಗಣ್ಣನಿಗೆ ಮಹಾಘನ ಸೋಮೇಶ್ವರ. ಮುಕ್ತಾಯಕ್ಕನ ಅಂಕಿತ ಅಜಗಣ್ಣತಂದೆ. ದೈವದ ಹೆಸರು ಬರಬೇಕಾದೆಡೆಯಲ್ಲಿ ಗುರುವಿನ ಹೆಸರು ಬಂದಿದೆ, ಅಣ್ಣನು ತಂದೆಯಾಗಿದ್ದಾನೆ. ಅಜಗಣ್ಣನು ಬದುಕಿದ್ದಾಗ ಬಾಗಿಲಾಚೆಯಿಂದ ಬರುವ ದನಿಯಾಗಿದ್ದರೆ, ಅವನು ಹೋದಮೇಲೆ ಅವಳ ಸ್ವಂತ ಮಾತಿನ ಮುದ್ರೆಯಾಗಿ ಉಳಿದನು.

ಗುರುವಿನ ಹೆಸರನ್ನು ಹಾಡಿನ ಕೊನೆಯಲ್ಲಿ ನಿಲ್ಲಿಸುವ ಈ ಪದ್ಧತಿಯು ಮುಂದಿನ ಕೈವಲ್ಯಸಾಹಿತ್ಯ ಮತ್ತು ತತ್ತ್ವಪದಗಳಲ್ಲಿ ವ್ಯಾಪಕವಾಯಿತು. ಶಂಭುಲಿಂಗನ ಅಂಕಿತದಿಂದ ಕೈವಲ್ಯಪದ್ಧತಿಯನ್ನು ರಚಿಸಿದ ನಿಜಗುಣ ಶಿವಯೋಗಿಗಳು ವೇದಾಂತದ ಪರಿಭಾಷೆಯನ್ನೂ ಶಿವಭಕ್ತಿಯನ್ನೂ ಹಾಡುಗಬ್ಬದಲ್ಲಿ ಬೆರೆಸಿ ಈ ಮಾರ್ಗವನ್ನು ತೆರೆದರು. ಅವರ ದಾರಿಯಲ್ಲಿ ಬಂದ ಬೆಂಗಳೂರಿನ ಸರ್ಪಭೂಷಣ ಶಿವಯೋಗಿಗಳು (1795–1839) ತಮ್ಮ ಹಾಡುಗಳಲ್ಲಿ ಗುರುಸಿದ್ಧನನ್ನು ನೆನೆಯುತ್ತಾರೆ. ಕಡಕೋಳದ ಮಡಿವಾಳಪ್ಪನವರು ಗುರುಮಹಾಂತನನ್ನು ನೆನೆಯುತ್ತಾರೆ. ಶಿಶುನಾಳದ ಷರೀಫರು (1819–1889) ಹುಟ್ಟಿನಿಂದ ಮುಸಲ್ಮಾನರು, ಅವರ ಗುರು ಕಳಸದ ಗೋವಿಂದಭಟ್ಟರು ಬ್ರಾಹ್ಮಣರು. ಷರೀಫರ ಪದಗಳಲ್ಲಿ ಶಿಶುನಾಳಧೀಶನ ಜೊತೆಗೆ ಗುರುಗೋವಿಂದನ ಹೆಸರೂ ಮತ್ತೆ ಮತ್ತೆ ಕೇಳಿಬರುತ್ತದೆ. ಜಾತಿಮತಗಳ ಗೋಡೆಯನ್ನು ದಾಟಿ ನಿಂತ ಈ ಸಂಬಂಧವು ಗುರುತತ್ತ್ವವು ವ್ಯಕ್ತಿಯ ಕುಲಗೋತ್ರಗಳಿಗೆ ಕಟ್ಟುಬಿದ್ದುದಲ್ಲವೆಂಬುದನ್ನು ಯಾವ ವಾದವೂ ಇಲ್ಲದೆ ತೋರಿಸಿಕೊಟ್ಟಿದೆ.

ಇಟ್ಟಿಗಿಯಿಂದ ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿಗಳ ಕಡೆಗೆ ಹಬ್ಬಿರುವ ಸೀಮೆಯು ಈ ವಿಷಯದಲ್ಲಿ ಭಾಗ್ಯಶಾಲಿಯಾದುದು. 2021ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಗೆ ಈಗ ಸೇರಿರುವ ಈ ತಾಲೂಕುಗಳಲ್ಲಿ ಶಿವಶರಣರ ಪರಂಪರೆಯೂ ಹರಿದಾಸರ ಪರಂಪರೆಯೂ ಅಕ್ಕಪಕ್ಕದಲ್ಲಿ ಬೆಳೆದಿವೆ. ಹರಿಹರ ಚಾಮರಸರ ಕಾವ್ಯಗಳೂ ವ್ಯಾಸರಾಯರ ದಾಸಕೂಟವೂ ಹಂಪೆಯ ನೆಲದ ನಂಟನ್ನು ಪಡೆದಿವೆ. ಪುರಂದರದಾಸರಿಗೆ ವ್ಯಾಸರಾಯರಿಂದ ಅಂಕಿತ ದೊರೆಯಿತೆಂಬುದು ಹರಿದಾಸ ಸಂಪ್ರದಾಯದ ನಂಬಿಕೆ. ಹತ್ತೊಂಬತ್ತನೆಯ ಶತಮಾನದ ಹರಪನಹಳ್ಳಿ ಭೀಮವ್ವನವರಿಗೆ ಭೀಮೇಶಕೃಷ್ಣನೆಂಬ ಅಂಕಿತವು ನಾರದರ ಅನುಗ್ರಹದಿಂದ ದೊರೆಯಿತೆಂದು ಭಕ್ತರು ಹೇಳುತ್ತಾರೆ. ದಾಸರಲ್ಲಿ ಗುರುವು ಅಂಕಿತವನ್ನು ಕೊಡುವವನು. ಅಂಕಿತದೊಳಗಿರುವವನು ವಿಠಲ ಅಥವಾ ಕೃಷ್ಣ. ಕೊಟ್ಟವನೂ ಕೊಟ್ಟ ಹೆಸರೂ ಬೇರೆಯಾಗಿಯೇ ಉಳಿಯುತ್ತವೆ. ಮುಕ್ತಾಯಕ್ಕನಲ್ಲಿಯೂ ತತ್ತ್ವಪದಕಾರರಲ್ಲಿಯೂ ಗುರುವೇ ಅಂಕಿತವಾಗುತ್ತಾನೆ. ದ್ವೈತಾದ್ವೈತಗಳ ಅಂತರವನ್ನು ಗ್ರಂಥಗಳ ಖಂಡನಮಂಡನಗಳಲ್ಲಿ ಹುಡುಕಿ ಬಳಲಿದ ವಿದ್ಯಾರ್ಥಿಯು ಹಾಡಿನ ಕೊನೆಯ ಸಾಲನ್ನು ಗಮನಿಸಿದರೆ ಅದು ಅಲ್ಲಿ ಸುಲಭವಾಗಿ ಗೋಚರಿಸುತ್ತದೆ. ಎರಡು ಪರಂಪರೆಗಳಲ್ಲಿಯೂ ಕೃತಜ್ಞತೆಯು ಸಮಾನವಾದುದೆಂಬುದು ಬೇರೆ ಮಾತು.

ಗುರುವಿನ ಪರೀಕ್ಷೆ, ಶಿಷ್ಯನ ಪರೀಕ್ಷೆ

ಗುರುವಿಗೆ ಇಷ್ಟು ದೊಡ್ಡ ಸ್ಥಾನವನ್ನು ಕೊಟ್ಟ ಪರಂಪರೆಯಲ್ಲಿ ಆ ಸ್ಥಾನವನ್ನು ದುರುಪಯೋಗ ಮಾಡಿಕೊಳ್ಳುವವರು ಹುಟ್ಟುವುದು ಅಸಂಭವವೇನಲ್ಲ. ಶರಣರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಧನದ ಆಸೆಯಿಂದ ದೀಕ್ಷೆಯನ್ನು ಮಾರುವ ಗುರುವನ್ನೂ, ಅಂಥವನನ್ನು ಕಣ್ಣುಮುಚ್ಚಿ ಹಿಂಬಾಲಿಸುವ ಶಿಷ್ಯನನ್ನೂ ಅಂಬಿಗರ ಚೌಡಯ್ಯ ಮೊದಲಾದವರು ಕಟುವಾದ ಮಾತುಗಳಿಂದ ತಿವಿದಿದ್ದಾರೆ. ಗುರುಭಕ್ತಿಯನ್ನು ಕೊಂಡಾಡಿದ ಬಾಯಿಗಳೇ ಗುರುವಿನ ವೇಷವನ್ನು ಬಯಲಿಗೆಳೆದಿವೆ. ಇವೆರಡರಲ್ಲಿ ವಿರೋಧವಿಲ್ಲ. ಗುರುತತ್ತ್ವದ ಬೆಲೆಯನ್ನು ಬಲ್ಲವನಿಗೇ ಅದರ ಹೆಸರಿನಲ್ಲಿ ನಡೆಯುವ ವಂಚನೆಯು ಸಹಿಸಲಸಾಧ್ಯವಾಗುತ್ತದೆ.

ಪ್ರಭುದೇವರ ಪ್ರಸಿದ್ಧವಾದ ವಚನವೊಂದರಲ್ಲಿ ಯುಗಯುಗಗಳಲ್ಲಿ ಬೋಧಿಸುವ ಕ್ರಮವು ಬದಲಾದ ಸಂಗತಿಯಿದೆ. ಮೊದಲ ಯುಗದಲ್ಲಿ ಶಿಷ್ಯನನ್ನು ದಂಡಿಸಿ ಕಲಿಸುತ್ತಿದ್ದ ಗುರುವು, ನಡುವಿನ ಯುಗಗಳಲ್ಲಿ ಮೆತ್ತಗಾಗುತ್ತ ಬಂದು, ಕಲಿಯುಗದಲ್ಲಿ ಶಿಷ್ಯನಿಗೇ ಕೈಮುಗಿದು ಬುದ್ಧಿ ಹೇಳಬೇಕಾಗಿದೆಯೆಂಬುದು ಅದರ ಭಾವ. ಇದರಲ್ಲಿ ಶಿಷ್ಯರ ಮೇಲಿನ ವ್ಯಂಗ್ಯವಿರುವಂತೆ ಗುರುವಿನ ವಿನಯಕ್ಕೂ ಸೂಚನೆಯಿದೆ. ಶಿಷ್ಯನೊಳಗಿನ ಚೈತನ್ಯವನ್ನೇ ಅವನಿಗೆ ತೋರಿಸಬೇಕಾದವನು ಆ ಚೈತನ್ಯಕ್ಕೆ ಕೈಮುಗಿದರೆ ಅದರಿಂದ ಅವನಿಗೆ ಕುಂದೇನೂ ಇಲ್ಲ.

ಹಾಗಾದರೆ ನಿಜವಾದ ಗುರುವನ್ನು ಗುರುತಿಸುವ ಬಗೆ ಯಾವುದು? ಮೇಲಿನ ವಿಚಾರದಿಂದ ಒಂದು ಒರೆಗಲ್ಲು ತಾನಾಗಿಯೇ ದೊರೆಯುತ್ತದೆ. ಶಿಷ್ಯನು ದಿನದಿನಕ್ಕೆ ತನ್ನ ಕಾಲಮೇಲೆ ತಾನು ನಿಲ್ಲುವಂತೆ ಮಾಡುವವನು ಗುರು. ಶಿಷ್ಯನು ದಿನದಿನಕ್ಕೆ ತನ್ನನ್ನೇ ಹೆಚ್ಚುಹೆಚ್ಚಾಗಿ ಆತುಕೊಳ್ಳುವಂತೆ ಮಾಡುವವನು, ಎಷ್ಟು ಶಾಸ್ತ್ರವನ್ನು ಬಲ್ಲವನಾದರೂ, ಮರಳಿನ ಮೇಲೆ ಹಿಡಿದ ಕೈಯನ್ನು ಬಿಡಲೊಲ್ಲದವನು. ಶಿಷ್ಯನಿಗೂ ಇದೇ ಒರೆಗಲ್ಲು. ಗುರುವಿನ ಹೆಸರನ್ನು ನೂರು ಸಲ ಹೇಳಿ ಅವನು ತೋರಿದ ದಾರಿಯಲ್ಲಿ ಒಂದು ಹೆಜ್ಜೆಯನ್ನೂ ಇಡದವನು, ಕಣ್ಣಿನ ಕಟ್ಟು ಬಿಚ್ಚಿದಮೇಲೆಯೂ ಅಡವಿಯಲ್ಲಿಯೇ ಕುಳಿತ ಗಾಂಧಾರದವನಂತೆ.

ಕೊಟ್ಟೂರಿನ ಆರಾಧ್ಯಮೂರ್ತಿಯನ್ನು ಜನರು ಕೊಟ್ಟೂರೇಶ್ವರನೆಂದು ಕರೆಯುವಂತೆಯೇ ಗುರು ಬಸವರಾಜನೆಂದೂ ಕರೆಯುತ್ತಾರೆ. ವರ್ಷವರ್ಷವೂ ನಡೆಯುವ ರಥೋತ್ಸವಕ್ಕೆ ದೂರದೂರದ ಊರುಗಳಿಂದ ಭಕ್ತರು ಪಾದಯಾತ್ರೆಯಲ್ಲಿ ಬರುತ್ತಾರೆ. ಅವರಲ್ಲಿ ಯಾರೂ ಆ ಗುರುವನ್ನು ಮಾಂಸದ ಕಣ್ಣಿನಿಂದ ಕಂಡವರಲ್ಲ, ಆದರೂ ತಮ್ಮ ಗುರುವಿನ ಬಳಿಗೆ ಹೋಗುತ್ತಿದ್ದೇವೆಂದೇ ಅವರ ಭಾವನೆ. ಇದನ್ನು ಕೇವಲ ರೂಢಿಯೆಂದು ತಿಳಿಯುವವರು ಮುಕ್ತಾಯಕ್ಕನ ಸಂವಾದವನ್ನು ಓದಬೇಕು. ಗುರುವು ಶರೀರಕ್ಕೆ ಸೀಮಿತನಲ್ಲವೆಂಬ ತತ್ತ್ವವನ್ನು ಪಂಡಿತರು ಸಂವಾದದಿಂದ ತಿಳಿದರೆ, ಈ ಜನರು ನಡೆದು ತಿಳಿಯುತ್ತಾರೆ. ಆದರೆ ನಡಿಗೆಯು ರಥದ ಬಳಿಯಲ್ಲಿಯೇ ಮುಗಿದುಹೋಗಬಾರದು.

ಈ ಸೀಮೆಯಲ್ಲಿ ಒಂದು ಹಳೆಯ ಮಾತಿದೆ: ಹಂಪೆಯನ್ನು ಹೊರಗೆ ನೋಡು, ಉಜ್ಜಿನಿಯನ್ನು ಒಳಗೆ ನೋಡು. ಸದ್ಧರ್ಮಪೀಠದ ನೆಲೆಯಾದ ಉಜ್ಜಿನಿಯಲ್ಲಿ ಮರುಳಸಿದ್ಧೇಶ್ವರ ಗುಡಿಯ ಒಳಗಿನ ಕೆತ್ತನೆಯ ಸೊಬಗನ್ನು ಕುರಿತು ಹುಟ್ಟಿದ ಮಾತು ಅದು. ಹೊರಗಿನಿಂದ ಹಾದುಹೋದವನಿಗೆ ಆ ಸೊಬಗು ದೊರೆಯದು. ಗುರುವಿನ ವಿಷಯದಲ್ಲಿಯೂ ಈ ಎರಡು ನೋಟಗಳು ಬೇಕು. ಹೊರಗಿನ ಗುರುವನ್ನು ಕಾಣದವನಿಗೆ ಬಾಗಿಲು ಸಿಕ್ಕುವುದಿಲ್ಲ. ಬಾಗಿಲಿನಲ್ಲಿಯೇ ನಿಂತವನಿಗೆ ಒಳಗಿರುವುದು ಕಾಣುವುದಿಲ್ಲ.

ಅದ್ವೈತದಲ್ಲಿ ಗುರುವಿಗೆ ಎಡೆಯೆಲ್ಲಿ ಎಂಬ ಪ್ರಶ್ನೆಗೆ ಮುಕ್ತಾಯಕ್ಕ ವಾದದಿಂದ ಉತ್ತರವನ್ನು ಪಡೆದಳು, ಬಾಳಿನಿಂದ ಉತ್ತರವನ್ನು ಕೊಟ್ಟಳು. ಅವಳ ಅಜಗಣ್ಣನು ಅವಳೆದುರಿಗೆ ಎರಡನೆಯವನಾಗಿ ನಿಲ್ಲಲಿಲ್ಲ, ಇಲ್ಲವಾಗಿಯೂ ಹೋಗಲಿಲ್ಲ. ಅವಳು ನುಡಿದ ವಚನಗಳ ಕೊನೆಗೆ ಅವನು ಬಂದು ಸೇರುತ್ತಾನೆ. ಗುರುವನ್ನು ಅಗಲಿದವರು, ಗುರುವಿಗಾಗಿ ಇನ್ನೂ ಅರಸುತ್ತಿರುವವರು, ಗುರುವೆಂಬ ಹೆಸರಿನಿಂದ ಮೋಸಹೋಗಿ ಬೇಸತ್ತವರು, ಈ ಮೂವರೂ ಅವಳ ವಚನಗಳನ್ನು ಒಮ್ಮೆ ನಿಧಾನವಾಗಿ ಓದುವುದು ಲೇಸು.